ಡಾರ್ವಿನ್‌ನ ಮಿಂಡಿಲ್ ಬೀಚ್ ಸಂಜೆ ಸಂತೆ: ಅತ್ತೆ, ಮಾವ, ಮಗು ಎಲ್ಲರನ್ನೂ ಕರೆದುಕೊಂಡು ಹೋಗಬಹುದಾ?

ಬಿಳಿಮೋಡ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾವು ಅಡಿಲೇಡ್‌ನಲ್ಲಿದ್ದೇವೆ. ಅತ್ತೆ-ಮಾವ ಮೂರು ತಿಂಗಳ ಮಟ್ಟಿಗೆ ಬಂದಿದ್ದಾರೆ. ಇಲ್ಲಿನ ಜುಲೈ ಚಳಿಗೆ ಇಬ್ಬರೂ ಹೀಟರ್ ಮುಂದಿನಿಂದ ಏಳುತ್ತಿಲ್ಲ. ನಾಲ್ಕು ದಿನ ಆಸ್ಟ್ರೇಲಿಯಾದ ಉತ್ತರ ತುದಿಯ ಡಾರ್ವಿನ್‌ಗೆ ಹೋಗಿ ಬೆಚ್ಚಗೆ ಇದ್ದು ಬರೋಣ ಅಂತ ಟಿಕೆಟ್ ಮಾಡಿಸಿದೆವು. ಗುರುವಾರ ಮಧ್ಯಾಹ್ನ ಎರಡಕ್ಕೆ ಇಳಿಯುತ್ತೇವೆ. ಭಾನುವಾರ ಮಧ್ಯಾಹ್ನ ವಾಪಸ್.

ಮಿಂಡಿಲ್ ಬೀಚ್ ಸಂತೆ ಗುರುವಾರ ಮತ್ತು ಭಾನುವಾರ ಮಾತ್ರ ಅಂತೆ. ಭಾನುವಾರ ಸಂಜೆಗೆ ನಾವು ಮನೆ ಸೇರಿರುತ್ತೇವೆ. ಹಾಗಾಗಿ ಹೋದರೆ ಇಳಿದ ದಿನವೇ ಹೋಗಬೇಕು. ತುಂಬಾ ಸುಸ್ತಾಗುತ್ತಾ?

ಮಾವನಿಗೆ 74. ಮಂಡಿನೋವು, ಮರಳಿನ ಮೇಲೆ ಜಾಸ್ತಿ ನಡೆಯಲು ಆಗುವುದಿಲ್ಲ. ಅತ್ತೆ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಪಕ್ಕದ ಬಾಣಲೆಯಲ್ಲಿ ಮೀನು ಕರಿಯುತ್ತಿದ್ದರೂ ಸೆರಗು ಮೂಗಿಗೆ ಹೋಗುತ್ತದೆ. ಏಳು ವರ್ಷದ ಮಗನಿಗೆ ಎರಡೇ ಆಸೆ: ಮೊಸಳೆ ನೋಡಬೇಕು, ಸಮುದ್ರಕ್ಕೆ ಇಳಿಯಬೇಕು. ಎರಡೂ ಒಟ್ಟಿಗೆ ಆಗದಿರಲಿ ಅಂತ ನನ್ನ ಪ್ರಾರ್ಥನೆ.

ನನ್ನ ಗಂಡ "ಅದೆಲ್ಲಾ ಪ್ರವಾಸಿಗಳಿಗೆ ಟೋಪಿ ಹಾಕುವ ಜಾಗ, ಹೋಟೆಲ್‌ನಲ್ಲೇ ಮಲಗೋಣ" ಅನ್ನುತ್ತಿದ್ದಾರೆ. ಹೋದವರು ಹೇಳಿ, ನಿಜವಾ?

ಕಡಲಕರೆ ಬರೆದದ್ದು:

ಹೋಗಿ ಅಕ್ಕ, ಖಂಡಿತ ಹೋಗಿ. ಆದರೆ ಹೊತ್ತು ನೋಡಿಕೊಂಡು ಹೋಗಿ. ಹೊತ್ತಿನ ವಿಷಯದಲ್ಲಿ ನನ್ನ ಮಾತು ಕೇಳಬಹುದು, ಯಾಕೆಂದರೆ ಓದಲು ಬಂದ ಹೊಸದರಲ್ಲಿ ಎರಡು ಸೀಸನ್ ಅದೇ ಸಂತೆಯಲ್ಲಿ ಲಕ್ಸಾ ಅನ್ನುವ ನೂಡಲ್ಸ್ ಸಾರಿನ ಒಂದು ಅಂಗಡಿಯಲ್ಲಿ ದುಡಿದಿದ್ದೇನೆ. ಪಾತ್ರೆ ತೊಳೆಯುವುದರಿಂದ ಶುರು ಮಾಡಿ ನೂಡಲ್ಸ್ ಬೇಯಿಸುವವರೆಗೆ ಬಡ್ತಿ ಸಿಕ್ಕಿತ್ತು.

ಸಂತೆ 1987ರಿಂದ ನಡೆಯುತ್ತಿದೆ. ಒಣ ಹವೆಯ ತಿಂಗಳುಗಳಲ್ಲಿ ಮಾತ್ರ, ಅಂದರೆ ಏಪ್ರಿಲ್ ಕೊನೆಯಿಂದ ಅಕ್ಟೋಬರ್‌ವರೆಗೆ. ಆಮೇಲೆ ಮಳೆಗಾಲ, ಗಾಳಿಯನ್ನೇ ಹಿಂಡಿದರೆ ನೀರು ಬರುವಂಥ ಸೆಕೆ, ಸಂತೆ ಬಂದ್. ಜುಲೈ ಅಂದರೆ ಸರಿಯಾದ ಹೊತ್ತು. ಹಗಲು 30 ಡಿಗ್ರಿ, ರಾತ್ರಿ 20ರ ಹತ್ತಿರ, ಬೆವರು ಅಂಟುವುದಿಲ್ಲ. ನಿಮ್ಮ ಮಾವ ಸ್ವೆಟರ್ ತೆಗೆದು ಮಡಚಿ ಇಡುತ್ತಾರೆ ನೋಡಿ. ಅಡಿಲೇಡ್‌ಗೂ ಇಲ್ಲಿಗೂ ಆಗ ಗಡಿಯಾರ ಒಂದೇ, ಹಾಗಾಗಿ ನಿದ್ದೆ ಕೆಡುವ ತಾಪತ್ರಯವೂ ಇಲ್ಲ.

ಈಗ ಹೊತ್ತು. ನಾಲ್ಕಕ್ಕೆ ಅಂಗಡಿ ತೆರೆಯುತ್ತದೆ, ಒಂಬತ್ತಕ್ಕೆ ಮುಚ್ಚುತ್ತದೆ. ಜುಲೈ ನಡುವಿನಲ್ಲಿ ಸೂರ್ಯ ಮುಳುಗುವುದು 6:35ರ ಆಸುಪಾಸು. ಎಲ್ಲರೂ ಏನು ಮಾಡುತ್ತಾರೆ ಗೊತ್ತಾ? ಐದೂವರೆಗೆ ಬಂದು, ಕಾರು ನಿಲ್ಲಿಸಲು ಜಾಗ ಹುಡುಕಿ ಬೈದುಕೊಂಡು, ಆರಕ್ಕೆ ಊಟದ ಸಾಲಿಗೆ ನಿಲ್ಲುತ್ತಾರೆ. ಆರೂ ಕಾಲಾದ ತಕ್ಷಣ ತಟ್ಟೆ ಸಿಕ್ಕವರೂ ಸಿಗದವರೂ ಮರಳ ದಿಬ್ಬ ದಾಟಿ ಸಮುದ್ರದ ಕಡೆ ಹೊರಡುತ್ತಾರೆ. ಅಂಗಡಿ ಸಾಲು ಖಾಲಿ. ಪೂರಾ ಖಾಲಿ. ಆ ಅರ್ಧ ಗಂಟೆ ನಾವು ಬೆನ್ನು ನೇರ ಮಾಡಿಕೊಳ್ಳುವ ಹೊತ್ತು. ಯಜಮಾನಿ ಒಂದು ಬಕೆಟ್ ಬೋರಲು ಹಾಕಿ ಕೂತು ಕಾಲು ಒತ್ತಿಕೊಳ್ಳುತ್ತಿದ್ದರು.

ಎರಡು ಸೀಸನ್‌ನಲ್ಲಿ ನಾನು ಅಲ್ಲಿ ಸೂರ್ಯ ಮುಳುಗಿದ್ದನ್ನು ಕಣ್ಣಾರೆ ನೋಡಿದ್ದು ಒಂದೇ ಸಲ. ಮಿಕ್ಕ ದಿನವೆಲ್ಲಾ ಕೇಳಿಸಿಕೊಂಡದ್ದು. ದಿಬ್ಬದ ಆಚೆಯಿಂದ ಚಪ್ಪಾಳೆ ಬರುತ್ತದೆ. ಹೌದು, ಜನ ಸೂರ್ಯನಿಗೆ ಚಪ್ಪಾಳೆ ತಟ್ಟುತ್ತಾರೆ. ಅದು ನಿಂತ ಕೂಡಲೇ ಯಜಮಾನಿ ಬಕೆಟ್‌ನಿಂದ ಎದ್ದು "ನೂಡಲ್ಸ್ ಹಾಕು" ಅನ್ನುತ್ತಿದ್ದರು. ಹತ್ತು ನಿಮಿಷದಲ್ಲಿ ನಮ್ಮ ಮುಂದೆ ನಲವತ್ತು ಜನ. ಆಮೇಲೆ ಎಂಟರವರೆಗೆ ತಲೆ ಎತ್ತಲು ಪುರಸೊತ್ತಿಲ್ಲ.

ಅದಕ್ಕೇ ಹೇಳುವುದು, ನೀವು ನಾಲ್ಕೂವರೆಗೇ ಬನ್ನಿ. ಎರಡಕ್ಕೆ ಇಳಿದರೆ ಹೋಟೆಲ್‌ನಲ್ಲಿ ಚೀಲ ಇಟ್ಟು ಮುಖ ತೊಳೆದು ಹೊರಡಲು ಸರಿಯಾಗುತ್ತದೆ. ಊರಿನ ನಡುವಿನಿಂದ ಮೂರು ಕಿಲೋಮೀಟರ್‌ಗಿಂತ ಕಡಿಮೆ. ಮಾವನ ಮಂಡಿಗೆ ಟ್ಯಾಕ್ಸಿಯೇ ಒಳ್ಳೆಯದು. ಐದರೊಳಗೆ ಒಂದು ಸುತ್ತು ನೋಡಿ, ಐದೂ ಕಾಲಿಗೆ ತಿಂದು, ಆರಕ್ಕೆ ಜಾಗ ಹಿಡಿದು ಕೂರಿ. ಅಥವಾ ನಿಮ್ಮಲ್ಲಿ ಯಾರಾದರೂ ಒಬ್ಬರು ತ್ಯಾಗ ಮಾಡಿ, ಎಲ್ಲರೂ ಸೂರ್ಯನ ಕಡೆ ಹೋದಾಗ ಅಂಗಡಿ ಕಡೆ ಹೋಗಲಿ.

ಅಂಗಡಿಗಳಿರುವುದು ತೆಂಗಿನ ಮರಗಳ ಕೆಳಗೆ, ಹುಲ್ಲು ನೆಲದ ಮೇಲೆ. ಅಲ್ಲಿ ನಡೆಯಲು ಕಷ್ಟವಿಲ್ಲ. ಮರಳು ಸಿಗುವುದು ದಿಬ್ಬ ದಾಟುವಾಗ. ಊರಿನವರು ಮಡಚುವ ಕುರ್ಚಿ, ಚಾಪೆ ತರುತ್ತಾರೆ. ನೀವು ಉಳಿಯುವ ಕಡೆ ಒಂದು ಕುರ್ಚಿ ಕೇಳಿ ನೋಡಿ. ಮಾವನನ್ನು ದಿಬ್ಬದ ಮೇಲೇ ಕೂರಿಸಿದರೆ ಅಲ್ಲಿಂದಲೇ ಸಮುದ್ರ ಕಾಣುತ್ತದೆ.

ಊಟದ ವಿಷಯದಲ್ಲಿ ಒಂದು ತಪ್ಪೊಪ್ಪಿಗೆ ಇದೆ. ನಮ್ಮ ಅಂಗಡಿಯಲ್ಲಿ "ವೆಜಿಟೇರಿಯನ್ ಲಕ್ಸಾ" ಅಂತ ಬೋರ್ಡ್ ಇತ್ತು. ಲಕ್ಸಾ ಅಂದರೆ ತೆಂಗಿನಹಾಲು ಹಾಕಿದ ಖಾರದ ಸಾರಿನಲ್ಲಿ ನೂಡಲ್ಸ್. ಮಲೇಷ್ಯಾ, ಸಿಂಗಪುರ ಕಡೆಯದು, ಆದರೆ ಈ ಊರು ಅದನ್ನು ತನ್ನದೇ ಮಾಡಿಕೊಂಡಿದೆ, 2019ರಿಂದ ಅಕ್ಟೋಬರ್‌ನಲ್ಲಿ ಅದಕ್ಕೊಂದು ಹಬ್ಬವೇ ನಡೆಯುತ್ತದೆ. ಯಾರಾದರೂ ಕೇಳಿದರೆ ನಾನು ಧೈರ್ಯವಾಗಿ "ಹೌದು, ವೆಜ್" ಅನ್ನುತ್ತಿದ್ದೆ. ಕೋಳಿ ಬದಲು ತೋಫು ಹಾಕುತ್ತಿದ್ದೆವಲ್ಲಾ. ಎರಡು ತಿಂಗಳಾದ ಮೇಲೆ ಒಂದು ದಿನ ಮಸಾಲೆ ಪೇಸ್ಟ್‌ನ ಡಬ್ಬ ತೊಳೆಯುತ್ತಾ ಅದರ ಮೇಲಿನ ಚೀಟಿ ಓದಿದೆ. ಮೂರನೇ ಸಾಲಿನಲ್ಲೇ ಸಿಗಡಿ. ಅಷ್ಟು ದಿನ ಎಷ್ಟು ಜನಕ್ಕೆ ತಿನ್ನಿಸಿದ್ದೆನೋ! ಯಜಮಾನಿಗೆ ಹೇಳಿದೆ. "ಸಿಗಡಿ ಕಾಣಿಸುತ್ತಾ? ಇಲ್ಲವಲ್ಲ" ಅಂದರು. ಮಾರನೇ ವಾರದಿಂದ ಕೇಳಿದವರಿಗೆ ನಾನೇ ಮೆಲ್ಲಗೆ "ಬೇಡ" ಅಂತ ತಲೆಯಾಡಿಸುತ್ತಿದ್ದೆ.

ಪಪ್ಪಾಯ ಸಲಾಡ್ ಕೂಡ ಹಾಗೆಯೇ. ಕಣ್ಣೆದುರೇ ಒರಳಿನಲ್ಲಿ ಕುಟ್ಟಿ ಕೊಡುತ್ತಾರೆ, ಹಸಿ ಪಪ್ಪಾಯ, ನಿಂಬೆ, ಹಸಿಮೆಣಸು, ಕಡಲೆಬೀಜ, ನೋಡಿದರೆ ಬಾಯಲ್ಲಿ ನೀರು. ಆದರೆ ಫಿಶ್ ಸಾಸ್ ಮತ್ತು ಒಣ ಸಿಗಡಿ ಅದರ ಜೀವ. ಬೇಡ ಅಂದರೆ ಬಿಡುತ್ತಾರೆ, ಒರಳು ಮಾತ್ರ ಅದೇ. ನಿಮ್ಮ ಅತ್ತೆಗೆ ಅದು ನಡೆಯುವುದಿಲ್ಲ ಅನಿಸುತ್ತೆ.

ಮಗನ ವಿಷಯ. ನೀರಿಗೆ ಬೇಡ. ಕಾಲು ತೋಯಿಸಲೂ ನಾನು ಬಿಡುವುದಿಲ್ಲ, ನನ್ನದು ಸ್ವಲ್ಪ ಅತಿ ಇರಬಹುದು. ಉಪ್ಪುನೀರಿನ ಮೊಸಳೆಗಳನ್ನು 1971ರಲ್ಲಿ ಇಲ್ಲಿ ಕಾನೂನು ಮಾಡಿ ಉಳಿಸಿದರು. ಅದಕ್ಕೆ ಮುಂಚೆ ಚರ್ಮಕ್ಕಾಗಿ ಹೊಡೆದು ಹೊಡೆದು ಮುಗಿಸಿಬಿಟ್ಟಿದ್ದರು. ಈಗ ಈ ಪ್ರಾಂತದಲ್ಲಿ ಸುಮಾರು ಒಂದು ಲಕ್ಷ ಇವೆ. ಡಾರ್ವಿನ್ ಬಂದರಿನ ನೀರಿನಲ್ಲೇ ಬೋನು ಇಟ್ಟು ವರ್ಷಕ್ಕೆ ನೂರಾರು ಹಿಡಿಯುತ್ತಾರೆ. ಮೇಲಿಂದ ಬಾಕ್ಸ್ ಜೆಲ್ಲಿಫಿಶ್. ಅದರ ಕಾಲ ಅಕ್ಟೋಬರ್‌ನಿಂದ ಮೇ, ಆದರೆ ಜುಲೈನಲ್ಲಿ ಒಂದೂ ಇರುವುದಿಲ್ಲ ಅಂತ ಯಾರೂ ಬರೆದುಕೊಡುವುದಿಲ್ಲ. ಈ ಕಡೆಯ ಬೀಚ್‌ಗಳಲ್ಲಿ ಕಂಬಕ್ಕೆ ವಿನೆಗರ್ ಬಾಟಲಿ ಸಿಕ್ಕಿಸಿಟ್ಟಿರುತ್ತಾರೆ. ಜೆಲ್ಲಿಫಿಶ್ ಕುಟುಕಿದರೆ ಸುರಿಯಲು ಅದು. ಮಗನಿಗೆ ಈಜಲೇಬೇಕು ಅಂದರೆ ಮಾರನೇ ದಿನ ಊರಿನ ವಾಟರ್‌ಫ್ರಂಟ್‌ಗೆ ಕರೆದುಕೊಂಡು ಹೋಗಿ. ಅಲ್ಲಿ ಅಲೆ ಎಬ್ಬಿಸುವ ಕೊಳ ಇದೆ. ಮೊಸಳೆಗೆ ಮಿಚೆಲ್ ಸ್ಟ್ರೀಟ್‌ನಲ್ಲಿ ಕ್ರೊಕೊಸಾರಸ್ ಕೋವ್ ಇದೆ, ನಡುವೆ ದಪ್ಪ ಗಾಜು ಇರುತ್ತದೆ. ನಿಮ್ಮ ಪ್ರಾರ್ಥನೆ ಫಲಿಸಿದ ಹಾಗೆ.

ಮೂರುಕಾಲು ಬರೆದದ್ದು:

ಕಡಲಕರೆ ಹೇಳಿದ್ದೆಲ್ಲಾ ಸರಿ, ಒಂದು ಬಿಟ್ಟು. ಸೂರ್ಯ ಮುಳುಗಿದ ತಕ್ಷಣ ಏಳಬೇಡಿ! ಚಪ್ಪಾಳೆ ತಟ್ಟಿ ಎದ್ದು ಹೋಗುವವರನ್ನು ನೋಡಿದರೆ ನನಗೆ ಅಳು ಬರುತ್ತದೆ. ನಿಜವಾದ ಬಣ್ಣ ಬರುವುದೇ ಆಮೇಲೆ. ಒಣ ತಿಂಗಳುಗಳಲ್ಲಿ ಅಲ್ಲಿ ಕಾಡಿನ ಹುಲ್ಲಿಗೆ ಬೆಂಕಿ ಬೀಳುತ್ತಲೇ ಇರುತ್ತದೆ, ಎಷ್ಟೋ ಕಡೆ ಬೇಕೆಂದೇ ಹಚ್ಚುತ್ತಾರೆ. ಆ ಹೊಗೆ ಆಕಾಶದ ಅಂಚಿನಲ್ಲಿ ನಿಂತಿರುತ್ತದೆ. ಅದಕ್ಕೇ ಸೂರ್ಯ ಅಷ್ಟು ಕೆಂಪು, ಬರಿಗಣ್ಣಿಗೆ ಕುಂಕುಮದ ಬಟ್ಟಿನ ಹಾಗೆ ಕಾಣುತ್ತಾನೆ. ಆದರೆ ಉಷ್ಣವಲಯದಲ್ಲಿ ಸೂರ್ಯ ಹೆಚ್ಚುಕಡಿಮೆ ನೇರ ಕೆಳಗೆ ಇಳಿಯುವುದರಿಂದ ಮುಸ್ಸಂಜೆ ಬೇಗ ಮುಗಿಯುತ್ತದೆ. ಅಡಿಲೇಡ್‌ನ ಹಾಗೆ ಎಳೆದಾಡುವುದಿಲ್ಲ. ಇಪ್ಪತ್ತು ನಿಮಿಷ ಕೂರಿ, ಅಷ್ಟೇ. ಊಟ ಎಲ್ಲಿಗೂ ಓಡಿಹೋಗುವುದಿಲ್ಲ.

ಇನ್ನೊಂದು, ಚಪ್ಪಲಿ. ನಾನು ಟ್ರೈಪಾಡ್ ಹಿಡಿದು ನೀರಿನ ಅಂಚಿಗೆ ಹೋದವನು ಚಪ್ಪಲಿ, ನೀರಿನ ಬಾಟಲಿ ಎರಡನ್ನೂ ಒಂದು ಇಪ್ಪತ್ತು ಹೆಜ್ಜೆ ಹಿಂದೆ, ಒಣ ಮರಳಿನಲ್ಲಿ ಬಿಟ್ಟಿದ್ದೆ. ಕ್ಯಾಮೆರಾದಲ್ಲಿ ಕಣ್ಣಿಟ್ಟವನಿಗೆ ಪಾದ ತಣ್ಣಗಾದಾಗಲೇ ಎಚ್ಚರ. ತಿರುಗಿ ನೋಡಿದರೆ ಒಂದು ಚಪ್ಪಲಿ ತೇಲುತ್ತಿದೆ, ಇನ್ನೊಂದು ಇಲ್ಲವೇ ಇಲ್ಲ. ಡಾರ್ವಿನ್‌ನಲ್ಲಿ ಉಬ್ಬರ-ಇಳಿತದ ನಡುವಿನ ಅಂತರ ದೊಡ್ಡ ದಿನಗಳಲ್ಲಿ ಎಂಟು ಮೀಟರ್‌ವರೆಗೆ ಹೋಗುತ್ತದೆ. ಬೀಚ್ ಸಪಾಟಾಗಿದೆ, ಹಾಗಾಗಿ ನೀರು ಸದ್ದಿಲ್ಲದೆ ಹರಿದು ಬರುತ್ತದೆ. ಹೋಗುವ ಮುಂಚೆ ಆ ದಿನದ ಉಬ್ಬರದ ವೇಳೆ ನೋಡಿಕೊಳ್ಳಿ. ಬರಿಗಾಲಲ್ಲಿ ಸಂತೆ ಸುತ್ತಿ, ಕೊನೆಗೆ ಒಂದು ಜೊತೆ ರಬ್ಬರ್ ಚಪ್ಪಲಿ ಅಲ್ಲೇ ಕೊಂಡೆ. ಟೋಪಿ ಹಾಕುವ ಜಾಗ ಅಂತ ನಿಮ್ಮ ಯಜಮಾನರು ಹೇಳಿದ್ದು ನೆನಪಾಯಿತು. ಹಾಕಿಸಿಕೊಂಡೆ, ಒಂದು ಡಿಜೆರಿಡೂ (ಆಸ್ಟ್ರೇಲಿಯಾದ ಮೂಲನಿವಾಸಿಗಳು ಊದುವ ಉದ್ದನೆಯ ಮರದ ಕೊಳವೆ) ಕೂಡ.

ಸಂತೆಯಲ್ಲಿ ಡಿಜೆರಿಡೂ ಮತ್ತು ಡ್ರಮ್ ಒಟ್ಟಿಗೆ ನುಡಿಸುವವರಿದ್ದರು. ಎದೆಯೊಳಗೆ ಗುಂಯ್ ಅನ್ನುತ್ತದೆ, ನಿಂತ ಕಾಲು ಕದಲುವುದಿಲ್ಲ. ಆ ಗುಂಗಿನಲ್ಲಿ ಮಾರನೇ ದಿನ ಊರಿನ ಒಂದು ಅಂಗಡಿಗೆ ಹೋಗಿ, ಚುಕ್ಕೆ ಚುಕ್ಕೆ ಬಣ್ಣ ಬಳಿದ ಒಂದನ್ನು "ಕೈಯಲ್ಲೇ ಮಾಡಿದ್ದು" ಅಂತ ನಂಬಿ ತಂದೆ. ಮನೆಗೆ ಬಂದು ನೋಡಿದರೆ ಬಿದಿರು. ಒಳಗೆ ಗಿಣ್ಣಿನ ಗುರುತು ಹಾಗೇ ಇತ್ತು. ಈಗ ಅದರಲ್ಲಿ ಛತ್ರಿ ಇಡುತ್ತೇವೆ.

ಕಡಲಕರೆ ಬರೆದದ್ದು:

ಮೂರುಕಾಲು ಸರ್, ಛತ್ರಿಗಾದರೂ ಆಯಿತಲ್ಲ. ನಿಮ್ಮ ಮಾತು ಒಪ್ಪಿದೆ, ಇಪ್ಪತ್ತು ನಿಮಿಷ ಕೂರಲಿ. ಸಾಲಿನಲ್ಲಿ ನಿಲ್ಲುವ ಕಾಲು ನಮ್ಮದಲ್ಲವಲ್ಲ!

ಬೇರೆಯವರಿಗೆ ಉಪಯೋಗಕ್ಕೆ ಬರಲಿ ಅಂತ ಹೇಳುತ್ತೇನೆ. ಒಳ್ಳೆ ಡಿಜೆರಿಡೂ ಒಳಗನ್ನು ಟೊಳ್ಳು ಮಾಡುವುದು ಗೆದ್ದಲು. ಗೆದ್ದಲು ತಿಂದ ನೀಲಗಿರಿ ಜಾತಿಯ ಮರವನ್ನು ತಟ್ಟಿ ನೋಡಿ ಕಡಿದು ತರುತ್ತಾರೆ. ಫೋನಿನ ಟಾರ್ಚ್ ಹಾಕಿ ಒಳಗೆ ನೋಡಿ. ಗೋಡೆ ಉಬ್ಬುತಗ್ಗಾಗಿ, ಸೊಟ್ಟ ಸೊಟ್ಟವಾಗಿದ್ದರೆ ಗೆದ್ದಲಿನ ಕೆಲಸ. ಪೈಪಿನ ಹಾಗೆ ನುಣ್ಣಗೆ, ಒಂದೇ ಸಮ ಇದ್ದರೆ ಡ್ರಿಲ್. ಗಿಣ್ಣು ಕಂಡರೆ, ಸರ್ ಹೇಳಿದ ಹಾಗೆ, ಛತ್ರಿ ಸ್ಟ್ಯಾಂಡ್. ಯಾರು ಮಾಡಿದ್ದು, ಯಾವ ಸಮುದಾಯದವರು ಅಂತ ಕೇಳಿ. ನಿಜವಾದ ಮಾಲು ಮಾರುವವರು ಹೆಸರು, ಊರು ಎರಡೂ ಸಲೀಸಾಗಿ ಹೇಳುತ್ತಾರೆ. ಇಂಡೋನೇಷ್ಯಾದಲ್ಲಿ ಮಾಡಿಸಿದ್ದನ್ನು ಇಲ್ಲಿನ ಮೂಲನಿವಾಸಿಗಳು ಕೈಯಾರೆ ಮಾಡಿದ್ದು ಅಂತ ಮಾರಿದ ಒಂದು ಕಂಪನಿಗೆ 2019ರಲ್ಲಿ ಕೋರ್ಟ್ 23 ಲಕ್ಷ ಡಾಲರ್ ದಂಡ ಹಾಕಿತ್ತು. ಅಂದರೆ ಮೋಸಹೋದವರು ನೀವೊಬ್ಬರೇ ಏನಲ್ಲ.

ಮಗನಿಗೆ ಇನ್ನೊಂದು ಆಕರ್ಷಣೆ ಮರೆತಿದ್ದೆ. ಚರ್ಮದ ಚಾಟಿ ಮಾರುವವರು ಗಾಳಿಯಲ್ಲಿ ಚಾಟಿ ಬೀಸಿ ಸದ್ದು ಮಾಡಿ ತೋರಿಸುತ್ತಾರೆ. ಚಾಟಿಯ ತುದಿ ಶಬ್ದಕ್ಕಿಂತ ವೇಗವಾಗಿ ಹೋಗುವುದರಿಂದ ಬರುವ ಸದ್ದು ಅದು. ನಾವು ಅಂಗಡಿಯೊಳಗೆ ಪ್ರತಿ ಸಲ ಬೆಚ್ಚಿ ಬೀಳುತ್ತಿದ್ದೆವು.

ಸೀಮೆಬದನೆ ಬರೆದದ್ದು:

ಬಿಳಿಮೋಡ, ನಾನೂ ನಿಮ್ಮ ಅತ್ತೆಯ ಪಕ್ಷದವಳು. ಎರಡು ಸಲ ಹೋಗಿದ್ದೇನೆ. ಮೊದಲನೇ ಸಲ ಎಲ್ಲರ ತಟ್ಟೆ ನೋಡುತ್ತಾ ಹಸಿದು ಕೂತೆ. ಎರಡನೇ ಸಲ ಹೋಟೆಲ್‌ನಿಂದಲೇ ಡಬ್ಬಿಯಲ್ಲಿ ಮೊಸರನ್ನ ಕಲಸಿಕೊಂಡು ಹೋದೆ. ಚಾಪೆ ಹಾಸಿ ಸ್ವಂತ ಊಟ ತಿನ್ನುವ ಸ್ಥಳೀಯರು ಬೇಕಾದಷ್ಟು ಜನ, ಯಾರೂ ತಿರುಗಿ ನೋಡುವುದಿಲ್ಲ. ನೀವು ಅಡುಗೆಮನೆ ಇರುವ ರೂಮು ಹಿಡಿದಿದ್ದರೆ ಇದೇ ಮಾಡಿ. ಅಲ್ಲಿ ಹಣ್ಣು, ಜ್ಯೂಸ್, ಸುಟ್ಟ ಜೋಳ ಇಂಥವು ನನಗೆ ಸಿಕ್ಕವು. ಅಂಗಡಿಗಳು ವರ್ಷವರ್ಷ ಬದಲಾಗುತ್ತವೆ, ಹಾಗಾಗಿ ಅದನ್ನೇ ನಂಬಿಕೊಂಡು ಹೋಗಬೇಡಿ. ಚಿಕ್ಕ ಚಿಕ್ಕ ಡಚ್ ಪ್ಯಾನ್‌ಕೇಕ್ ಇರುತ್ತವೆ, ನಮ್ಮ ಪಡ್ಡಿನ ಕಾವಲಿಯಂಥದ್ದರಲ್ಲೇ ಮಾಡುತ್ತಾರೆ, ನೋಡಿ ಮೋಸಹೋಗಬೇಡಿ. ಹಿಟ್ಟಿಗೆ ಮೊಟ್ಟೆ ಹಾಕಿದ್ದಾರಾ ಅಂತ ಕೇಳಿ.

ಮಾವಿನಹಣ್ಣಿನ ಆಸೆ ಇಟ್ಟುಕೊಳ್ಳಬೇಡಿ. ಡಾರ್ವಿನ್ ಮಾವಿಗೆ ಹೆಸರುವಾಸಿ ನಿಜ, ಆದರೆ ಹಣ್ಣು ಬರುವುದು ಸೆಪ್ಟೆಂಬರ್ ಮೇಲೆ. ಜುಲೈನಲ್ಲಿ ಮಾವಿನ ಜ್ಯೂಸ್ ಕೊಟ್ಟರೆ ಅದು ಫ್ರೀಜರ್‌ನಿಂದ ಬಂದದ್ದು.

ಮುಖ್ಯವಾದದ್ದು: ವಾಪಸ್ ಅಡಿಲೇಡ್‌ಗೆ ಬರುವಾಗ ಚೀಲದಲ್ಲಿ ಒಂದು ಹಣ್ಣೂ ಇರಬಾರದು. ಹಣ್ಣಿನ ನೊಣದ ಭಯಕ್ಕೆ ಸೌತ್ ಆಸ್ಟ್ರೇಲಿಯಾ ತುಂಬಾ ಬಿಗಿ ಮಾಡಿದೆ, ಸಿಕ್ಕಿಬಿದ್ದರೆ ದಂಡ. ಅತ್ತೆಯ ಕೈಚೀಲ ನೀವೇ ಒಂದು ಸಲ ನೋಡಿ. ನನ್ನ ಅಮ್ಮನ ಚೀಲದಲ್ಲಿ ಕರವಸ್ತ್ರದಲ್ಲಿ ಸುತ್ತಿಟ್ಟ ಬಾಳೆಹಣ್ಣು ಸಿಕ್ಕಿತ್ತು. "ದೇವರಿಗೆ ಅಂತ ಇಟ್ಟಿದ್ದೆ" ಅಂದರು.

ಸೊಳ್ಳೆ ಕ್ರೀಮು ತೆಗೆದುಕೊಂಡು ಹೋಗಿ. ಹುಣ್ಣಿಮೆ ಹತ್ತಿರ ಇದ್ದರೆ ಸ್ಯಾಂಡ್‌ಫ್ಲೈ ಜಾಸ್ತಿ. ಕಣ್ಣಿಗೇ ಕಾಣದಷ್ಟು ಸಣ್ಣದು, ತುರಿಕೆ ಮಾತ್ರ ವಾರ ಬಿಡುವುದಿಲ್ಲ.

ಬಿಳಿಮೋಡ ಬರೆದದ್ದು:

ಹೋಗಿ ಬಂದೆವು! ಎಲ್ಲರಿಗೂ ಥ್ಯಾಂಕ್ಸ್. ಸುಮ್ನೆ ಓದಿ ಮರೆತುಬಿಟ್ಟೆ ಅಂದುಕೊಳ್ಳಬೇಡಿ, ನಿಮ್ಮ ಮಾತುಗಳನ್ನೆಲ್ಲಾ ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ.

ವಿಮಾನ ಒಂದು ಗಂಟೆ ತಡ. ಅಲ್ಲಿಗೆ ತಲುಪಿದಾಗ ಐದೂ ಮುಕ್ಕಾಲು. ನಾಲ್ಕೂವರೆಯ ಪ್ಲಾನ್ ಅಲ್ಲಿಗೆ ಮುಗಿಯಿತು. ಮೊಸರನ್ನದ ಡಬ್ಬಿ ಇತ್ತು, ಅದೊಂದು ಪುಣ್ಯ. ಹೋಟೆಲ್‌ನವರು ಕೊಟ್ಟ ಕುರ್ಚಿಯನ್ನು ದಿಬ್ಬದ ಮೇಲೆ ಹಾಕಿ ಮಾವನನ್ನು ಕೂರಿಸಿದೆವು. ಅವರು ಅರ್ಧ ಹೊತ್ತು ಸಮುದ್ರಕ್ಕೆ ಬೆನ್ನು ಹಾಕಿ ಜನರನ್ನೇ ನೋಡುತ್ತಾ ಕೂತಿದ್ದರು. "ಇಷ್ಟು ಜನ ಒಂದೇ ಕಡೆ ಮುಖ ಮಾಡಿ ಕೂತಿದ್ದಾರೆ, ಯಾರೂ ಭಾಷಣ ಮಾಡುತ್ತಿಲ್ಲ" ಅಂತ ಅವರಿಗೆ ಆಶ್ಚರ್ಯ. ಸ್ವೆಟರ್ ತೆಗೆದು ಮಡಚಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು, ಕಡಲಕರೆ!

ಮಗ ಚಾಟಿಯವರ ಹತ್ತಿರದಿಂದ ಕದಲಲಿಲ್ಲ. ವಿನೆಗರ್ ಯಾಕೆ ಇಡುತ್ತಾರೆ ಅಂತ ಅವನಿಗೆ ವಿವರಿಸಿದೆ. ಅಲ್ಲಿಂದ ನೀರಿನ ಮಾತೇ ಎತ್ತಲಿಲ್ಲ. ಮಾರನೇ ದಿನ ಗಾಜಿನ ಆಚೆ ಮೊಸಳೆ ನೋಡಿದ್ದಾಯಿತು. ಆ ರಾತ್ರಿ ನಮ್ಮಿಬ್ಬರ ನಡುವೆ ಮಲಗಿದ.

ಸೂರ್ಯ ನೀರು ಮುಟ್ಟಿದಾಗ ಅತ್ತೆ ಎದ್ದು ನಿಂತು ಚಪ್ಪಲಿ ಬಿಟ್ಟು ಕೈಮುಗಿದರು. ಅಷ್ಟರಲ್ಲಿ ಸುತ್ತ ಚಪ್ಪಾಳೆ. ತನಗೇ ತಟ್ಟುತ್ತಿದ್ದಾರೇನೋ ಅಂತ ಗಾಬರಿಯಾಗಿ ಸೆರಗು ಹೊದ್ದು ಕೂತುಬಿಟ್ಟರು. ಚಪ್ಪಲಿಯನ್ನು ನಾನು ಕೂಡಲೇ ಎತ್ತಿ ಚೀಲಕ್ಕೆ ಹಾಕಿದೆ, ಮೂರುಕಾಲು ಅವರ ದಯೆ. ಆಮೇಲಿನ ಇಪ್ಪತ್ತು ನಿಮಿಷವೂ ಕೂತೆವು. ಕೆಂಪು ಹೋಗಿ ನೇರಳೆ ಬಂತು, ಅದೂ ಹೋಗಿ ಕತ್ತಲಾಯಿತು.

ನೋಡದೇ ಇದ್ದವರು ನನ್ನ ಗಂಡ ಒಬ್ಬರೇ. ಮಗನಿಗೂ ನಮಗೂ ಊಟ ತರಲು ಆರೂ ಇಪ್ಪತ್ತಕ್ಕೆ ಅವರನ್ನು ಕಳಿಸಿದ್ದೆ. ಲಕ್ಸಾ ಹಿಡಿದು ದಿಬ್ಬ ಹತ್ತುವಾಗ ಚಪ್ಪಾಳೆ ಮುಗಿದಿತ್ತು. ಅಂಗಡಿ ಮುಂದೆ ಒಬ್ಬರೂ ಇರಲಿಲ್ಲವಂತೆ. ಒಳಗೆ ಒಬ್ಬ ಹುಡುಗ ಬಕೆಟ್ ಮೇಲೆ ಕೂತಿದ್ದನಂತೆ.